ಕಂಠಪಾಠವೂ ಅರ್ಥಜ್ಞಾನವೂ

ಒಂದು ಮಾತನ್ನು ಬಾಯಿಪಾಠ ಮಾಡಿ, ಕೇಳಿದಾಗ ತಡವರಿಸದೆ ಒಪ್ಪಿಸಿ, ಅದಕ್ಕೆ ಬಲ್ಲವರು ಹೇಳಿದ ಅರ್ಥವನ್ನೂ ಒಡನೆಯೇ ಸೇರಿಸಿ ನುಡಿಯಬಲ್ಲವನು ಆ ಮಾತನ್ನು ನಿಜವಾಗಿ ಅರಿತವನೆಂದು ಹೇಳಬಹುದೇ ಎಂಬ ಪ್ರಶ್ನೆ ನಮ್ಮ ದೇಶದಲ್ಲಿ ಬಹು ಪ್ರಾಚೀನವಾದುದು. ವೇದಮಂತ್ರಗಳನ್ನು ಕುರಿತು ನಿರುಕ್ತಕಾರರಾದ ಯಾಸ್ಕರಿಗಿಂತಲೂ ಹಿಂದೆಯೇ ಎದ್ದ ಈ ಪ್ರಶ್ನೆಯು ಉಪನಿಷತ್ತುಗಳ ಋಷಿಗಳನ್ನೂ, ಮೀಮಾಂಸಕರನ್ನೂ, ವೈಯಾಕರಣರನ್ನೂ, ವೇದಾಂತಾಚಾರ್ಯರನ್ನೂ ಒಬ್ಬೊಬ್ಬರನ್ನಾಗಿ ಎದುರುಗೊಂಡು, ಈಗ ಯಾರೂ ನಿರೀಕ್ಷಿಸದ ಒಂದೆಡೆಯಲ್ಲಿ, ಎಂದರೆ ಸರ್ಕಾರಿ ನೌಕರಿಯ ಸ್ಪರ್ಧಾತ್ಮಕ ಪರೀಕ್ಷೆಗಾಗಿ ಇಂಗ್ಲಿಷಿನ ನುಡಿಗಟ್ಟುಗಳನ್ನು ಉರುಹೊಡೆಯುವ ತರುಣತರುಣಿಯರ ಬಾಡಿಗೆ ಕೊಠಡಿಗಳಲ್ಲಿ, ಮತ್ತೆ ತಲೆಯೆತ್ತಿ ನಿಂತಿದೆ. ಪರೀಕ್ಷೆಯ ಸಿದ್ಧತೆಯೆಂಬುದು ಕೇವಲ ಲೌಕಿಕವಾದ ವಿಷಯವೆಂದು ತಿಳಿದು ಅದನ್ನು ಬದಿಗೊತ್ತುವುದು ಸುಲಭ; ಆದರೆ ಮಾತಿಗೂ ಮನಸ್ಸಿಗೂ ಬಾಳಿಗೂ ಇರತಕ್ಕ ಸಂಬಂಧವನ್ನು ವಿಚಾರಿಸಬೇಕೆನ್ನುವವನಿಗೆ ಇದಕ್ಕಿಂತ ಸಮೀಪದಲ್ಲಿ, ಇದಕ್ಕಿಂತ ಸ್ಪಷ್ಟವಾಗಿ ದೊರೆಯುವ ಉದಾಹರಣೆ ಮತ್ತೊಂದಿಲ್ಲ.

ಮೈಸೂರಿನ ಕೃಷ್ಣಮೂರ್ತಿಪುರಂ ನಿವಾಸಿಗಳಿಗೆ ಇದು ದಿನನಿತ್ಯದ ಅನುಭವ. ಶಾರದಾವಿಲಾಸ ವಿದ್ಯಾಸಂಸ್ಥೆಗಳ ನೆರೆಹೊರೆಯಾದುದರಿಂದ ತಲೆಮಾರುಗಳ ಕಾಲ ವಿದ್ಯಾರ್ಥಿಗಳ ನೆಲೆಯಾಗಿ ಬಂದಿರುವ ಈ ಬಡಾವಣೆಯಲ್ಲಿ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಕೊಳ್ಳೇಗಾಲದ ಕಡೆಯಿಂದ ಬಂದ ಹುಡುಗರು ಹಳೆಯ ಮನೆಗಳ ಮಹಡಿಯ ಮೇಲೆ ಒಂದೊಂದು ಕೊಠಡಿ ಹಿಡಿದು ಓದುತ್ತಿರುವರು. ಬೆಳಗಿನ ಹೊತ್ತು ಇಲ್ಲಿಯ ಅಡ್ಡರಸ್ತೆಗಳಲ್ಲಿ ನಡೆದುಹೋದರೆ, ಕೆಳಗಿನ ಮನೆಯ ನಡುಮನೆಯಲ್ಲಿ ವೃದ್ಧರೊಬ್ಬರು ವಿಷ್ಣುಸಹಸ್ರನಾಮವನ್ನು ಪಾರಾಯಣ ಮಾಡುವ ದನಿಯೂ, ಅದೇ ಮನೆಯ ಮೇಲಿನ ಕೊಠಡಿಯಲ್ಲಿ ತರುಣನೊಬ್ಬನು ‘ಬರ್ನ್ ದಿ ಮಿಡ್‌ನೈಟ್ ಆಯಿಲ್, ಎಂದರೆ ರಾತ್ರಿ ಬಹು ಹೊತ್ತಿನವರೆಗೆ ಕಷ್ಟಪಟ್ಟು ಓದುವುದು, ಎ ವೈಟ್ ಎಲಿಫೆಂಟ್, ಎಂದರೆ ಸಾಕಲಾರದಷ್ಟು ವೆಚ್ಚ ತರುವ ನಿರುಪಯುಕ್ತ ವಸ್ತು’ ಎಂದು ಆವರ್ತಿಸುವ ದನಿಯೂ ಒಂದೇ ಸಮಯಕ್ಕೆ ಕಿವಿಗೆ ಬೀಳುವುದುಂಟು. ಒಬ್ಬರದು ಪರಮಾರ್ಥಕ್ಕಾಗಿ, ಇನ್ನೊಬ್ಬನದು ಜೀವಿಕೆಗಾಗಿ. ಆದರೂ ಇಬ್ಬರ ಕ್ರಮವೂ ಒಂದೇ. ಇಬ್ಬರೂ ತಮ್ಮದಲ್ಲದ ಮಾತನ್ನು, ತಮಗಿಂತ ಹಿಂದಿನವರ ಬಾಯಿಂದ ಬಂದ ಮಾತನ್ನು, ಒಂದಕ್ಷರವೂ ಲೋಪವಾಗದಂತೆ ಕಂಠದಲ್ಲಿ ನಿಲ್ಲಿಸಿಕೊಳ್ಳಲು ಶ್ರಮಿಸುತ್ತಿರುವರು. ಆದಕಾರಣ ಒಬ್ಬರ ವಿಷಯದಲ್ಲಿ ನಾವು ಕೊಡುವ ತೀರ್ಪು ಮತ್ತೊಬ್ಬರಿಗೂ ಅನ್ವಯಿಸತಕ್ಕದ್ದೆಂಬುದನ್ನು ಮರೆಯುವಂತಿಲ್ಲ.

ಪರೀಕ್ಷೆಯ ಸ್ವರೂಪವನ್ನು ಮೊದಲು ಗಮನಿಸೋಣ. ಸ್ಟಾಫ್ ಸೆಲೆಕ್ಷನ್ ಕಮಿಷನ್ ಎಂಬ ಕೇಂದ್ರ ನೇಮಕಾತಿ ಆಯೋಗವು ಪದವೀಧರರಿಗಾಗಿ ನಡೆಸುವ, ವಿದ್ಯಾರ್ಥಿಗಳು ಸಿಜಿಎಲ್ ಎಂದೇ ಕರೆಯುವ ಪರೀಕ್ಷೆಯ ಮೊದಲ ಹಂತದಲ್ಲಿ 60 ನಿಮಿಷಗಳಿಗೆ 100 ಪ್ರಶ್ನೆಗಳು; ಅವುಗಳಲ್ಲಿ 25 ಇಂಗ್ಲಿಷ್ ಭಾಷೆಗೆ ಸೇರಿದವು. ಒಂದೊಂದು ಪ್ರಶ್ನೆಗೆ 2 ಅಂಕ, ತಪ್ಪಿದರೆ ಅರ್ಧ ಅಂಕ ಕಡಿತ. ನುಡಿಗಟ್ಟೊಂದನ್ನು ಕೊಟ್ಟು, ಕೆಳಗೆ ನಾಲ್ಕು ಅರ್ಥಗಳನ್ನು ಬರೆದು, ಸರಿಯಾದುದನ್ನು ಆರಿಸೆನ್ನುವರು. ಬ್ಯಾಂಕಿನ ಪರೀಕ್ಷೆಗಳಲ್ಲಿಯೂ ಇದೇ ಜಾತಿಯ ಪ್ರಶ್ನೆಗಳುಂಟು. 2023ರ ಆರಂಭದಲ್ಲಿ ಆಯೋಗವು ಕೆಳಹಂತದ ಎಂಟಿಎಸ್ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು ಅವಕಾಶ ಮಾಡಿದ್ದು ಸಂತೋಷದ ವಿಷಯವೇ ಆದರೂ, ಇಂಗ್ಲಿಷ್ ಭಾಗವು ಅದರಲ್ಲಿಯೂ ಉಳಿದೇ ಇದೆ. ಲೆಕ್ಕದ ಪ್ರಶ್ನೆಯನ್ನು ಯುಕ್ತಿಯಿಂದ ಬಿಡಿಸಬಹುದು; ತರ್ಕದ ಪ್ರಶ್ನೆಯನ್ನು ವಿವೇಚನೆಯಿಂದ ಬಿಡಿಸಬಹುದು. ನುಡಿಗಟ್ಟಿನ ಪ್ರಶ್ನೆಯ ಮುಂದೆ ಯುಕ್ತಿಯೂ ವಿವೇಚನೆಯೂ ನಿಷ್ಫಲವಾಗುವುವು. ಗೊತ್ತಿದ್ದರೆ ಗೊತ್ತು, ಇಲ್ಲವಾದರೆ ಇಲ್ಲ.

ಹೀಗೇಕೆ ಎಂಬುದಕ್ಕೆ ನಮ್ಮ ಶಾಸ್ತ್ರಕಾರರು ಸಾವಿರಾರು ವರ್ಷಗಳಿಂದ ಉತ್ತರ ಹೇಳುತ್ತ ಬಂದಿರುವರು. ಪದವು ತನ್ನ ನೇರವಾದ ಅರ್ಥವನ್ನು ಹೇಳುವ ಶಕ್ತಿಗೆ ಅಭಿಧೆಯೆಂದು ಹೆಸರು; ಆ ಅರ್ಥವು ಸಂದರ್ಭಕ್ಕೆ ಹೊಂದದೆ ಬಾಧಿತವಾದಾಗ ಅದಕ್ಕೆ ಸಂಬಂಧಪಟ್ಟ ಬೇರೊಂದು ಅರ್ಥವನ್ನು ತೋರುವ ಶಕ್ತಿಗೆ ಲಕ್ಷಣೆಯೆಂದು ಹೆಸರು. ಹೀಗೆ ಮುಖ್ಯಾರ್ಥವನ್ನು ದಾಟುವುದಕ್ಕೆ ಕಾರಣಗಳು ಎರಡು: ಹೊಸದೊಂದು ಪ್ರಯೋಜನವನ್ನು ಸಾಧಿಸುವುದು ಒಂದು, ಬಹುಕಾಲದ ಬಳಕೆಯಿಂದ ನೆಲೆನಿಂತ ರೂಢಿ ಮತ್ತೊಂದು. ಕವಿಯು ಹೊಸದಾಗಿ ಮಾಡುವ ಲಕ್ಷಣೆಯನ್ನು ಸಹೃದಯನು ಊಹಿಸಬಲ್ಲನು. ರೂಢಿಯನ್ನು ಊಹಿಸುವ ಮಾರ್ಗವೇ ಇಲ್ಲ. ಅದನ್ನು ರೂಢಿ ಮಾಡಿದ ಜನರೊಡನೆ ಬಾಳಿಯೇ ಪಡೆಯಬೇಕು. ಐದನೆಯ ಶತಮಾನದವನೆಂದು ಹೇಳುವ ಭರ್ತೃಹರಿಯು ವಾಕ್ಯಪದೀಯದ ಎರಡನೆಯ ಕಾಂಡದಲ್ಲಿ ವಾಕ್ಯವು ಅಖಂಡವೆಂದೂ, ಅದನ್ನು ಪದಗಳಾಗಿ ಒಡೆಯುವುದು ವ್ಯಾಕರಣದ ಅನುಕೂಲಕ್ಕಾಗಿ ಮಾಡಿಕೊಂಡ ಏರ್ಪಾಡೆಂದೂ ವಾದಿಸಿದನು. ಮಿಕ್ಕ ವಾಕ್ಯಗಳ ವಿಷಯದಲ್ಲಿ ಈ ಸಿದ್ಧಾಂತವನ್ನು ಒಪ್ಪದವರೂ ನುಡಿಗಟ್ಟಿನ ವಿಷಯದಲ್ಲಿ ಒಪ್ಪಲೇಬೇಕು. ಏಕೆಂದರೆ ‘ಕಿಕ್ ದಿ ಬಕೆಟ್’ ಎಂಬಲ್ಲಿ ಒದೆಯುವುದನ್ನೂ ಬಕೇಟನ್ನೂ ಎಷ್ಟು ಬಿಡಿಸಿ ನೋಡಿದರೂ ಮರಣವು ಎಲ್ಲಿಯೂ ಕಾಣಿಸುವುದಿಲ್ಲ.

ಹಾಗಾದರೆ ಸ್ವಂತ ಭಾಷೆಯ ನುಡಿಗಟ್ಟುಗಳು ನಮಗೆ ಬಂದದ್ದು ಹೇಗೆ? ಮೀಮಾಂಸಕರು ಇದಕ್ಕೆ ವೃದ್ಧವ್ಯವಹಾರವೆಂದು ಉತ್ತರ ಕೊಡುವರು. ಉತ್ತಮವೃದ್ಧನು ಮಧ್ಯಮವೃದ್ಧನಿಗೆ ಹಸುವನ್ನು ತಾರೆಂದು ಹೇಳುವನು, ಅವನು ತರುವನು. ಹಸುವನ್ನು ಕಟ್ಟೆಂದು ಹೇಳುವನು, ಅವನು ಕಟ್ಟುವನು. ಕುದುರೆಯನ್ನು ತಾರೆನ್ನಲು ಅದನ್ನು ತರುವನು. ಪಕ್ಕದಲ್ಲಿ ನಿಂತ ಬಾಲಕನು ಮಾತನ್ನು ಕೇಳಿ, ಕಾರ್ಯವನ್ನು ಕಂಡು, ಯಾವ ಮಾತು ಬದಲಾದಾಗ ಯಾವ ಕಾರ್ಯ ಬದಲಾಯಿತೆಂದು ಗಮನಿಸಿ ಭಾಷೆಯನ್ನು ಕಲಿಯುವನು. ಪದಗಳು ಮೊದಲು ಬಿಡಿಬಿಡಿಯಾಗಿ ಅರ್ಥವನ್ನು ಹೇಳಿ ಆಮೇಲೆ ಕೂಡಿಕೊಳ್ಳುವುವೆಂದು ಕುಮಾರಿಲಭಟ್ಟರ ಮತ. ಒಂದಕ್ಕೊಂದು ಅನ್ವಯಿಸಿಯೇ ಅರ್ಥವನ್ನು ಹೇಳುವುವೆಂದು ಪ್ರಭಾಕರರ ಮತ. ಈ ವಿವಾದವು ಏನೇ ಇರಲಿ, ಮಾತು ಕಲಿಯುವುದು ಕಾರ್ಯದ ನಡುವೆ, ಹಿರಿಯರ ನಡವಳಿಕೆಯ ಸನ್ನಿಧಿಯಲ್ಲಿ ಎಂಬುದರಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ.

ಇದಕ್ಕೆ ಗ್ರಂಥಗಳಲ್ಲಿ ಉದಾಹರಣೆ ಹುಡುಕಬೇಕಾಗಿಲ್ಲ. ಬೀದಿಯಲ್ಲಿ ಆಡುವ ಹುಡುಗನ ಚೆಂಡು ಎದುರು ಮನೆಯ ಕಾಂಪೌಂಡಿನೊಳಗೆ ಬಿದ್ದು ತುಳಸಿಯ ಕುಂಡವೊಂದು ಒಡೆಯಿತೆನ್ನೋಣ. ಹುಡುಗನ ತಾಯಿ ಅವನನ್ನು ಕೈಹಿಡಿದು ಕರೆತಂದು, ಆ ಮನೆಯ ಹಿರಿಯರ ಮುಂದೆ ನಿಂತು, “ಹುಡುಗು ಬುದ್ಧಿ, ಹೊಟ್ಟೆಗೆ ಹಾಕ್ಕೊಳ್ಳಿ ಅಜ್ಜಿ” ಎನ್ನುವಳು. ಅಜ್ಜಿಯು ಒಡೆದ ಚೂರುಗಳನ್ನೂ, ಮಣ್ಣಿನಲ್ಲಿ ಬಿದ್ದಿರುವ ಗಿಡವನ್ನೂ ಒಮ್ಮೆ ನೋಡಿ, “ಹೋಗ್ಲಿ ಬಿಡಮ್ಮಾ, ಮಕ್ಕಳು ಆಡದೆ ನಾವಾಡ್ತೀವಾ” ಎಂದು ಹುಡುಗನ ತಲೆ ಸವರಿ ಒಳಗಿನಿಂದ ಬಾಳೆಹಣ್ಣೊಂದನ್ನು ತಂದುಕೊಡುವಳು. ಆ ಹುಡುಗನಿಗೆ ಹೊಟ್ಟೆಗೆ ಹಾಕಿಕೊಳ್ಳುವುದೆಂದರೆ ಕ್ಷಮಿಸುವುದೆಂದು ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡುವ ಅಗತ್ಯವೂ ಉಳಿಯಲಿಲ್ಲ. ತಾಯಿಯ ಸಂಕೋಚ, ಅಜ್ಜಿಯ ಮುಖ, ತನ್ನ ತಲೆಯ ಮೇಲಿಳಿದ ಕೈ, ಇವೆಲ್ಲವೂ ಸೇರಿದ ಒಂದು ಅಖಂಡವಸ್ತುವೇ ಅವನಿಗೆ ಆ ನುಡಿಯ ಅರ್ಥವಾಯಿತು. ಮುಂದೆ ಅವನು ಯಾರಿಗಾದರೂ ಈ ಮಾತನ್ನು ಆಡುವಾಗ, ಆ ದಿನದ ಕ್ಷಮೆಯ ಒಂದಂಶವಾದರೂ ಅದರೊಳಗೆ ಇದ್ದೇ ಇರುವುದು.

ಮೇಲಿನ ಕೊಠಡಿಯ ತರುಣನಿಗೆ ಇಂಗ್ಲಿಷಿನ ವಿಷಯದಲ್ಲಿ ಇಂತಹ ಭಾಗ್ಯವಿಲ್ಲ. ಉತ್ತಮವೃದ್ಧನೂ ಇಲ್ಲ, ಮಧ್ಯಮವೃದ್ಧನೂ ಇಲ್ಲ. ಎಡಗಡೆ ಮಾತು, ಬಲಗಡೆ ಅರ್ಥ, ನಡುವೆ ಕೆಂಪು ಶಾಯಿಯ ಗೆರೆ ಇರುವ ಒಂದು ನೋಟ್‌ಬುಕ್ ಮಾತ್ರ ಇದೆ. ಇಂತಹ ಓದನ್ನು ಕಂಡು ಅನೇಕ ಹಿರಿಯರು ಗಿಳಿಪಾಠವೆಂದು ಮೂಗುಮುರಿಯುವರು. ಈ ನಿಂದೆಯೂ ಹೊಸದಲ್ಲ. ಮಂತ್ರಗಳಿಗೆ ಅರ್ಥವೇ ಇಲ್ಲವೆಂದು ಕೌತ್ಸನೆಂಬುವನು ಆಕ್ಷೇಪಿಸಿದುದನ್ನು ನಿರುಕ್ತದ ಮೊದಲ ಅಧ್ಯಾಯದಲ್ಲಿ ಯಾಸ್ಕರು ಎತ್ತಿಕೊಂಡು, ಒಂದೊಂದು ಆಕ್ಷೇಪಕ್ಕೂ ಸಮಾಧಾನ ಹೇಳಿ, ವೇದವನ್ನು ಓದಿಯೂ ಅರ್ಥವನ್ನರಿಯದವನನ್ನು ಬರಿಯ ಹೊರೆಯನ್ನು ಹೊತ್ತ ಕಂಬಕ್ಕೆ ಹೋಲಿಸುವ ಹಳೆಯ ಮಾತನ್ನು ಸ್ಮರಿಸಿರುವರು. ಅರ್ಥವು ಕಾಣದಿದ್ದರೆ ದೋಷವು ಕಾಣದವನದೇ ಹೊರತು ಮಾತಿನದಲ್ಲವೆಂಬುದು ಅವರ ನಿಲುವು. ಜೈಮಿನಿಯ ಅನುಯಾಯಿಗಳಾದ ಮೀಮಾಂಸಕರೂ ಸ್ವಾಧ್ಯಾಯವಿಧಿಯು ಅಕ್ಷರಗ್ರಹಣದಲ್ಲಿ ಮುಗಿಯುವುದೋ ಅರ್ಥಜ್ಞಾನದವರೆಗೆ ಸಾಗಬೇಕೋ ಎಂದು ದೀರ್ಘವಾಗಿ ಚರ್ಚಿಸಿರುವರು.

ಅರ್ಥವಿಲ್ಲದ ಪಾಠವು ಅಪೂರ್ಣವೆಂಬುದನ್ನು ಒಪ್ಪಿಯೂ, ಅದು ವ್ಯರ್ಥವೆಂಬುದನ್ನು ಒಪ್ಪಲು ನನ್ನ ಮನಸ್ಸು ಹಿಂಜರಿಯುವುದು. ಇದೇ ಮೈಸೂರಿನಲ್ಲಿ ನಡೆದ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. 1891ರಲ್ಲಿ ಸ್ಥಾಪಿತವಾದ ಓರಿಯಂಟಲ್ ಲೈಬ್ರರಿಗೆ ತಂಜಾವೂರು ಸೀಮೆಯ ಪಂಡಿತರೊಬ್ಬರು ಒಂದು ತಾಳೆಯೋಲೆಯ ಕಟ್ಟನ್ನು ತಂದೊಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದನ್ನು ಓದಿ, ಅದು ಹೆಸರು ಮಾತ್ರ ಕೇಳಿಬರುತ್ತಿದ್ದ ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚು ಮಾಡಿಸಿದರು. ಭಾರತದ ರಾಜನೀತಿಯನ್ನು ಕುರಿತ ಜಗತ್ತಿನ ತಿಳಿವಳಿಕೆಯೇ ಅಂದಿನಿಂದ ಬದಲಾಯಿತು. ಆ ಗ್ರಂಥವನ್ನು ಒಂದು ಓಲೆಯಿಂದ ಮತ್ತೊಂದು ಓಲೆಗೆ ಶತಮಾನಗಳುದ್ದಕ್ಕೂ ಪ್ರತಿಮಾಡಿದ ಲಿಪಿಕಾರರೆಲ್ಲರೂ ಅದರ ಮರ್ಮವನ್ನು ಬಲ್ಲವರೆಂದು ಭಾವಿಸಬೇಕಾಗಿಲ್ಲ. ಆದರೂ ಅವರು ಅಕ್ಷರವನ್ನು ಕಾಪಾಡಿದ್ದರಿಂದಲೇ ಅರ್ಥವು ಒಂದು ದಿನ ಎಚ್ಚೆತ್ತಿತು. ವೇದವನ್ನು ಪದ, ಕ್ರಮ, ಜಟೆ, ಘನಗಳೆಂದು ಹಿಂದುಮುಂದಾಗಿ ಹೆಣೆದು ಕಂಠದಲ್ಲಿ ಉಳಿಸಿದವರ ಋಣವೂ ಇಂತಹುದೇ. ಧಾರಣೆಯು ಜ್ಞಾನವಲ್ಲ, ಜ್ಞಾನವು ಬರುವಾಗ ಇಳಿಯಲು ನೆಲೆಯನ್ನು ಸಿದ್ಧಪಡಿಸುವ ಧರ್ಮಕಾರ್ಯ. ತನಗೆ ಇನ್ನೂ ಅರ್ಥವಾಗದುದನ್ನು ಕೆಡಿಸದೆ ಇಟ್ಟುಕೊಳ್ಳುವುದರಲ್ಲಿ ವಿನಯವಿದೆ, ಶ್ರದ್ಧೆಯಿದೆ, ಭವಿಷ್ಯತ್ತಿನಲ್ಲಿ ನಂಬಿಕೆಯಿದೆ.

ಆದರೆ ಧಾರಣೆಯು ಜ್ಞಾನವಾಗುವುದು ಯಾವಾಗ? ನೆರೆಯ ತರುಣನೊಬ್ಬನು ಸಂಜೆಯ ಹೊತ್ತು ತನ್ನ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟು ಪ್ರಶ್ನೆ ಕೇಳಬೇಕೆಂದು ಕೋರುವುದುಂಟು. ಹಾಗೆ ಕೇಳುತ್ತಿದ್ದಾಗ ‘ಕ್ರಾಸ್ ದಿ ರೂಬಿಕನ್’ ಎಂಬ ನುಡಿಗಟ್ಟು ಬಂದಿತು. “ಹಿಂದಿರುಗಲಾಗದ ನಿರ್ಧಾರವನ್ನು ಕೈಗೊಳ್ಳುವುದು, ಸಾರ್” ಎಂದು ಅವನು ಕೂಡಲೇ ಒಪ್ಪಿಸಿದನು. ರೂಬಿಕನ್ ಎಂದರೇನಪ್ಪಾ ಎಂದು ಕೇಳಲು ಸುಮ್ಮನಾದನು. ಅವನ ಪುಸ್ತಕದಲ್ಲಿ ಅದು ಇರಲಿಲ್ಲ. ಅದು ಉತ್ತರ ಇಟಲಿಯ ಒಂದು ಸಣ್ಣ ಹೊಳೆಯೆಂದೂ, ರೋಮಿನ ಸೇನಾಪತಿಗಳು ಸೈನ್ಯಸಮೇತರಾಗಿ ಅದನ್ನು ದಾಟಿ ಇಟಲಿಯನ್ನು ಪ್ರವೇಶಿಸಕೂಡದೆಂಬ ಕಟ್ಟಳೆಯಿತ್ತೆಂದೂ, ಕ್ರಿಸ್ತಪೂರ್ವ 49ರಲ್ಲಿ ಜೂಲಿಯಸ್ ಸೀಸರನು ಒಂದು ದಂಡಿನೊಡನೆ ಅದನ್ನು ದಾಟಿದನೆಂದೂ, ದಾಟಿದ ಮೇಲೆ ಅವನಿಗೆ ಗೆಲ್ಲುವುದು ಅಥವಾ ನಾಶವಾಗುವುದರ ಹೊರತು ಬೇರೆ ದಾರಿಯಿರಲಿಲ್ಲವೆಂದೂ ಹೇಳಿದೆನು. ಅವನು ಸ್ವಲ್ಪ ಹೊತ್ತು ನೆಲವನ್ನೇ ನೋಡುತ್ತಿದ್ದು, “ಹಂಗಾದ್ರೆ ನಾನೂ ದಾಟ್ಬಿಟ್ಟಿದೀನಿ ಸಾರ್. ಫ್ಯಾಕ್ಟರಿ ಕೆಲಸ ಬಿಟ್ಟೆ. ಅಪ್ಪ ಜೋಡೆತ್ತು ಮಾರಿ ಕೋಚಿಂಗ್ ಫೀಸು ಕಟ್ಟವ್ರೆ. ಇನ್ನು ವಾಪಸ್ ಹೋಗಂಗಿಲ್ಲ” ಎಂದನು. ಅದುವರೆಗೆ ಎರಡು ಅಂಕಗಳಷ್ಟೇ ಬೆಲೆಯುಳ್ಳದ್ದಾಗಿದ್ದ ಮಾತು ಅವನ ಬಾಯಿಂದ ಈಗ ಬಂದಾಗ ಬೇರೆಯೇ ಆಗಿತ್ತು.

ಈ ಬದಲಾವಣೆಯನ್ನು ವೇದಾಂತಿಗಳಷ್ಟು ಸೂಕ್ಷ್ಮವಾಗಿ ವಿವರಿಸಿದವರು ಬೇರೊಬ್ಬರಿಲ್ಲ. ಹತ್ತು ಮಂದಿ ಹೊಳೆಯನ್ನು ದಾಟಿ, ಎಲ್ಲರೂ ಕ್ಷೇಮವೇ ಎಂದು ಎಣಿಸತೊಡಗಿ, ಎಣಿಸುವವನು ತನ್ನನ್ನು ಬಿಟ್ಟು ಒಂಬತ್ತನ್ನೇ ಕಂಡು, ಹತ್ತನೆಯವನು ಮುಳುಗಿದನೆಂದು ಅಳುತ್ತಿರಲು, ದಾರಿಹೋಕನೊಬ್ಬನು ಹತ್ತನೆಯವನು ನೀನೇ ಎಂದು ತಿಳಿಸಿದ ದೃಷ್ಟಾಂತವು ಅವರ ಗ್ರಂಥಗಳಲ್ಲಿ ಪ್ರಸಿದ್ಧವಾದುದು. ಶಬ್ದದಿಂದ ಹುಟ್ಟುವ ಜ್ಞಾನವು ಸಾಮಾನ್ಯವಾಗಿ ಪರೋಕ್ಷ. ಕಾಶಿಯನ್ನು ಕಾಣದವನಿಗೆ ಕಾಶಿಯ ವರ್ಣನೆಯು ಕಾಶಿಯನ್ನು ತೋರಿಸಲಾರದು. ಆದರೆ ಶಬ್ದವು ಹೇಳುವ ವಸ್ತುವು ಕೇಳುವವನೇ ಆಗಿರುವಲ್ಲಿ ಶಬ್ದವೇ ಅಪರೋಕ್ಷಜ್ಞಾನವನ್ನು ಕೊಡಬಲ್ಲುದೆಂದು ವಿವರಣಕಾರರಾದ ಪ್ರಕಾಶಾತ್ಮರ ಪಕ್ಷ. ನಿದಿಧ್ಯಾಸನದಿಂದ ಸಂಸ್ಕಾರ ಹೊಂದಿದ ಮನಸ್ಸೇ ಆ ಸಾಕ್ಷಾತ್ಕಾರಕ್ಕೆ ಸಾಧನವೆಂದು ಭಾಮತೀಕಾರರಾದ ವಾಚಸ್ಪತಿಮಿಶ್ರರ ಪಕ್ಷ. ಛಾಂದೋಗ್ಯದ ಆರನೆಯ ಅಧ್ಯಾಯದಲ್ಲಿ ಶ್ವೇತಕೇತುವು ಹನ್ನೆರಡು ವರ್ಷ ಗುರುಕುಲದಲ್ಲಿದ್ದು, ಎಲ್ಲ ವೇದಗಳನ್ನೂ ಅಧ್ಯಯನ ಮಾಡಿ, ವಿದ್ಯೆಯ ಹಮ್ಮಿನಿಂದ ಮನೆಗೆ ಬಂದವನು. ಅವನಿಗೆ ತಂದೆ ಉದ್ದಾಲಕನು ‘ಅದು ನೀನೇ’ ಎಂಬ ಒಂದೇ ಮಹಾವಾಕ್ಯವನ್ನು ಆಲದ ಬೀಜ, ನೀರಿನಲ್ಲಿ ಕರಗಿದ ಉಪ್ಪು ಮೊದಲಾದ ನಿದರ್ಶನಗಳೊಡನೆ ಒಂಬತ್ತು ಸಲ ಹೇಳಬೇಕಾಯಿತು. ಒಂದೇ ಸಲಕ್ಕೆ ಕಂಠಸ್ಥವಾಗಬಹುದಾದ ಅಷ್ಟು ಚಿಕ್ಕ ಮಾತನ್ನು ಒಂಬತ್ತು ಸಲ ಹೇಳಿದುದೇಕೆಂದರೆ, ಮಾತು ಮಗನ ನೆನಪಿಗೆ ಸೇರಲೆಂದು ಅಲ್ಲ, ಮಗನು ಆ ಮಾತಿನೊಳಗೆ ತನ್ನನ್ನು ಕಾಣಲೆಂದು.

ಅದೇ ಉಪನಿಷತ್ತಿನ ಏಳನೆಯ ಅಧ್ಯಾಯದಲ್ಲಿ ನಾರದನು ಸನತ್ಕುಮಾರನ ಬಳಿಗೆ ಬಂದು, ತಾನು ಓದಿದ ವೇದಗಳು, ಇತಿಹಾಸಪುರಾಣಗಳು, ಗಣಿತ, ತರ್ಕ, ನಕ್ಷತ್ರವಿದ್ಯೆ ಮುಂತಾದ ವಿದ್ಯೆಗಳ ಉದ್ದವಾದ ಪಟ್ಟಿಯನ್ನು ಒಪ್ಪಿಸಿ, ಇಷ್ಟಾದರೂ ತಾನು ಮಂತ್ರವನ್ನು ಬಲ್ಲವನೇ ಹೊರತು ಆತ್ಮನನ್ನು ಬಲ್ಲವನಲ್ಲವೆಂದೂ, ತನಗೆ ಶೋಕವು ತಪ್ಪಿಲ್ಲವೆಂದೂ ಹೇಳಿಕೊಳ್ಳುವನು. ಸನತ್ಕುಮಾರನು ಆ ಪಟ್ಟಿಯನ್ನು ಧಿಕ್ಕರಿಸಲಿಲ್ಲ. ಅದೆಲ್ಲವೂ ನಾಮವೆಂದು ಹೇಳಿ, ನಾಮದಿಂದ ವಾಕ್ಕಿಗೆ, ವಾಕ್ಕಿನಿಂದ ಮನಸ್ಸಿಗೆ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಅವನನ್ನು ಭೂಮತತ್ತ್ವದವರೆಗೆ ಕರೆದೊಯ್ದನು. ನಾಮವು ಕೆಳಗಿನ ಮೆಟ್ಟಿಲು, ಆದರೂ ಮೆಟ್ಟಿಲೇ. ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ತಮ್ಮ ಭಾರತೀಯ ದರ್ಶನದ ಗ್ರಂಥದ ಪೀಠಿಕೆಯಲ್ಲಿ, ನಮ್ಮ ದರ್ಶನವು ವಿಚಾರದ ಒಂದು ಕ್ರಮವಷ್ಟೇ ಆಗಿ ನಿಲ್ಲದೆ ಬಾಳಿನ ಕ್ರಮವೂ ಆಗುವುದೆಂದು ಎತ್ತಿ ಹೇಳಿದುದು ಈ ಅಭಿಪ್ರಾಯದಿಂದಲೇ.

ಇಲ್ಲಿ ಒಂದು ಆಕ್ಷೇಪವು ಏಳಬಹುದು. ಎಲ್ಲ ನುಡಿಗಟ್ಟುಗಳೂ ಓದುವವನ ಬಾಳಿಗೆ ಹೀಗೆ ಒದಗಿಬರುವುದಿಲ್ಲ. ಹಡಗನ್ನೇ ಕಾಣದ ಒಳನಾಡಿನವನಿಗೆ ನಾವಿಕರ ನುಡಿಯೂ, ಹಿಮವನ್ನು ಕಾಣದವನಿಗೆ ಶೀತದೇಶದ ನುಡಿಯೂ ಹೇಗೆ ಸ್ವಾನುಭವವಾದಾವು? ಇದಕ್ಕೆ ಸಮಾಧಾನವು ಸಹೃದಯತ್ವದಲ್ಲಿದೆ. ಒಂದು ಜನಾಂಗವು ತಾನು ಅಂಜಿದ, ನಕ್ಕ, ಹಸಿದ, ಮೋಸಹೋದ ಸಂದರ್ಭಗಳನ್ನೇ ಮಾತಾಗಿ ಗಟ್ಟಿಗೊಳಿಸಿ ಇಟ್ಟಿರುವುದರಿಂದ, ಪರಭಾಷೆಯ ನುಡಿಗಟ್ಟನ್ನು ಸರಿಯಾಗಿ ತಿಳಿಯುವುದೆಂದರೆ ಆ ಜನರ ಸುಖದುಃಖಗಳನ್ನು ಭಾವನೆಯಿಂದ ತನ್ನದಾಗಿ ಮಾಡಿಕೊಳ್ಳುವುದೇ ಸರಿ. ತನ್ನಂತೆಯೇ ಇತರರನ್ನು ಕಾಣಬೇಕೆಂದು ಎಲ್ಲ ಧರ್ಮಗಳೂ ವಿಧಿಸುವುವಷ್ಟೆ. ಆ ಅಭ್ಯಾಸಕ್ಕೆ ಪರರ ಮಾತನ್ನು ಮನಸ್ಸಿಟ್ಟು ಕಲಿಯುವುದಕ್ಕಿಂತ ಸುಲಭವಾದ ಪ್ರವೇಶದ್ವಾರವನ್ನು ನಾನು ಕಾಣೆನು. ಬಿ.ಎಂ. ಶ್ರೀಕಂಠಯ್ಯನವರು ಇದೇ ಊರಿನಲ್ಲಿ ಇಂಗ್ಲಿಷನ್ನು ಬೋಧಿಸುತ್ತಿದ್ದು, ಆ ಭಾಷೆಯ ಕವಿಗಳ ಹೃದಯವನ್ನು ಹೊಕ್ಕು ಹೊರಬಂದು, ಕನ್ನಡಕ್ಕೆ ‘ಇಂಗ್ಲಿಷ್ ಗೀತಗಳು’ ಎಂಬ ಸಂಪತ್ತನ್ನು ತಂದರು. ಪರಭಾಷೆಯನ್ನು ಹೃದ್ಗತ ಮಾಡಿಕೊಂಡವರಿಂದಲೇ ಸ್ವಭಾಷೆಗೆ ಅಂತಹ ಉಪಕಾರವು ಸಾಧ್ಯವಾಯಿತೆಂಬುದನ್ನು ನಮ್ಮ ತರುಣರು ತಿಳಿದಿರಬೇಕು.

ಆದುದರಿಂದ ನನ್ನ ಅಭಿಪ್ರಾಯವು ಇಷ್ಟು. ಕಂಠಪಾಠವನ್ನು ತುಚ್ಛೀಕರಿಸತಕ್ಕದ್ದಲ್ಲ, ಬಡತನದ ಮನೆಯ ಹುಡುಗನೊಬ್ಬನು ತನ್ನ ತಂದೆತಾಯಿಗಳ ಭಾರವನ್ನು ಇಳಿಸಲೆಂದು ನಸುಕಿನಲ್ಲೆದ್ದು ಪರದೇಶದ ಮಾತನ್ನು ಉರುಹೊಡೆಯುವುದು ತಪಸ್ಸಿನ ಒಂದು ರೂಪವೇ ಆಗಿದೆ. ಆದರೆ ಆ ತಪಸ್ಸು ಫಲಕೊಡುವುದು ನಾಲ್ಕು ಉತ್ತರಗಳಲ್ಲಿ ಒಂದನ್ನು ಗುರುತು ಮಾಡಿದಾಗ ಅಲ್ಲ, ಮಾತು ಅವನ ನಡತೆಯ ಮೇಲೆ ಅಧಿಕಾರವನ್ನು ಪಡೆದಾಗ. ಈ ತೀರ್ಪನ್ನು ತರುಣರಿಗೆ ಮಾತ್ರ ವಿಧಿಸಿ ನಾವು ಹಿರಿಯರು ತಪ್ಪಿಸಿಕೊಳ್ಳುವಂತಿಲ್ಲ. ಸಹಸ್ರನಾಮವನ್ನು ನಿತ್ಯವೂ ಪಠಿಸುವವನ ಬಾಗಿಲಿಗೆ ನೆರೆಯವನು ತಪ್ಪೊಪ್ಪಿಕೊಂಡು ಬಂದಾಗ ಅವನು ಕ್ಷಮಿಸಲಾರದೆ ಹೋದರೆ, ಕ್ಷಮೆಯೇ ಸ್ವರೂಪವಾದ ಭಗವಂತನ ಆ ನಾಮಗಳು ಅವನಲ್ಲಿ ಇನ್ನೂ ಅಕ್ಷರಗಳಾಗಿಯೇ ಇವೆಯೆಂದು ತಿಳಿಯಬೇಕು. ಹಾಗೆಂದು ಅವನು ಪಾರಾಯಣವನ್ನು ಬಿಡಬೇಕಾಗಿಲ್ಲ, ಬಾಗಿಲನ್ನು ತೆರೆಯಬೇಕು.

ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಪಿತೃಗಳಿಗೂ ಋಷಿಗಳಿಗೂ ಋಣಿಯಾಗಿ ಹುಟ್ಟುವನೆಂದೂ, ಋಷಿಋಣವು ಅಧ್ಯಯನದಿಂದ ತೀರುವುದೆಂದೂ ನಮ್ಮ ಪೂರ್ವಿಕರು ನಂಬಿದ್ದರು. ನುಡಿಗಟ್ಟನ್ನು ರೂಢಿಸಿ ನಮಗೆ ಬಿಟ್ಟುಹೋದ ಹೆಸರಿಲ್ಲದ ಜನರೆಲ್ಲರನ್ನೂ, ಅವರು ಕಾವೇರಿಯ ತಡಿಯವರಾಗಲಿ ಥೇಮ್ಸಿನ ತಡಿಯವರಾಗಲಿ, ಈ ಋಷಿಗಳ ಗಣಕ್ಕೆ ಸೇರಿಸುವುದರಲ್ಲಿ ತಪ್ಪಿಲ್ಲವೆಂದು ನಾನು ಭಾವಿಸುವೆನು. ಅವರ ಮಾತನ್ನು ಕಂಠದಲ್ಲಿ ಧರಿಸುವುದು ಋಣವನ್ನು ಒಪ್ಪಿಕೊಂಡಂತೆ. ಅದರ ಅರ್ಥವನ್ನು ಬಾಳಿನಲ್ಲಿ ಕಂಡು, ಪಕ್ಕದಲ್ಲಿ ನಿಂತು ನೋಡುತ್ತಿರುವ ಚಿಕ್ಕವರಿಗೆ ನಡೆದು ತೋರಿಸಿದಾಗಲೇ ಅದು ಸಂದಾಯವಾಗುವುದು. ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಕಛೇರಿಯ ಕುರ್ಚಿಯಲ್ಲಿ ಕುಳಿತ ತರುಣನ ಮುಂದೆ, ಅರ್ಜಿ ಬರೆಯಲಾರದ ಹಳ್ಳಿಗನೊಬ್ಬನು ಬಂದು ನಿಂತು ತನ್ನ ಕಷ್ಟವನ್ನು ತನ್ನ ಸೀಮೆಯ ಮಾತಿನಲ್ಲಿ ಹೇಳಿಕೊಂಡಾಗ, ಆ ಮಾತಿನ ಅರ್ಥವು ಇವನಿಗೆ ಆಗಬೇಕು. ಇಷ್ಟು ವರ್ಷ ಮಾತಿನ ಮರ್ಮವನ್ನು ಅಭ್ಯಾಸ ಮಾಡಿದುದಕ್ಕೆ ಅದೇ ಪ್ರಯೋಜನ, ಅದೇ ಪರೀಕ್ಷೆ.